ಟೈಲರ್ ಮಾಮನ ಪಾತ್ರ

ನಮ್ಮ ಆಸ್ಪತ್ರೆಯಲ್ಲಿ ನನಗೆ ಮೆಣಸಿನಕಾಯಿ ಸಿಸ್ಟರ್ ಎಂದು ಹೆಸರು. ಇಟ್ಟವರು ಯಾರೆಂದೂ ಗೊತ್ತು, ಬೇಜಾರೇನಿಲ್ಲ. ಮೂವತ್ತೊಂದು ವರ್ಷ ವಾರ್ಡಿನಲ್ಲಿ ನಿಂತ ಕಾಲು ನನ್ನದು. ಸಿಹಿಯಾಗಿದ್ದಿದ್ದರೆ ಯಾವತ್ತೋ ಇರುವೆ ಮುತ್ತಿ ಮುಗಿಸಿಬಿಡುತ್ತಿದ್ದವು.

ಈಗ ಆರು ವರ್ಷದಿಂದ ನಾನು ಕಲಿಸುವ ಕೆಲಸದಲ್ಲಿದ್ದೇನೆ. ವಯಸ್ಸಾದವರನ್ನು ನೋಡಿಕೊಳ್ಳುವುದು ಹೇಗೆ ಎಂದು ನರ್ಸುಗಳಿಗೂ ಹೊಸದಾಗಿ ಪಾಸಾದ ಡಾಕ್ಟರುಗಳಿಗೂ ಎಂಟು ವಾರದ ತರಬೇತಿ. ಅದನ್ನು ಕಟ್ಟಿದವಳು ನಾನು, ಪಾಠ ಬರೆದವಳು ನಾನು, ಅದರ ಫಾರಂಗಳಿಗೆ ಸ್ಕೇಲು ಹಿಡಿದು ಗೆರೆ ಎಳೆದವಳೂ ನಾನೇ. ಜಂಬ ಅನ್ನಿಸಿದರೆ ಅನ್ನಿಸಲಿ. ನಮ್ಮಲ್ಲಿ ಕಲಿತವರನ್ನು ಬೇರೆ ಆಸ್ಪತ್ರೆಗಳು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತವೆ.

ಮೊದಲ ದಿನವೇ ಹುಡುಗರಿಗೆ ಹೇಳುತ್ತೇನೆ: "ಎಂಬತ್ತು ವರ್ಷದ ಮನುಷ್ಯನ ಹತ್ರ ಹೋಗಿ 'ನಾವು ಊಟ ಮಾಡಿದ್ವಾ? ಮಾತ್ರೆ ನುಂಗಿದ್ವಾ? ಜಾಣ ಅಲ್ವಾ ನಮ್ ತಾತ' ಅಂತ ಯಾರಾದ್ರೂ ರಾಗ ಎಳೆದ್ರೆ ಆ ಮಾತ್ರೆ ನಿಮಗೇ ನುಂಗಿಸ್ತೀನಿ. ಅವರು ನಿಮ್ಮಂಥವರನ್ನ ನಾಲ್ಕು ಜನಾನ ಕಿವಿ ಹಿಂಡಿ ಬೆಳೆಸಿದ್ದಾರೆ. ಏನಂತ ಕರೀಬೇಕು ಅಂತ ಅವರನ್ನೇ ಕೇಳಿ." ಎಲ್ಲರೂ ನಗುತ್ತಾರೆ, ಬರೆದುಕೊಳ್ಳುತ್ತಾರೆ. ವಾರ್ಡಿಗೆ ಹೋಗಿ ಮೊದಲನೇ ಮಂಚದ ಹತ್ತಿರ ನಿಂತು "ನಾವು ಊಟ ಮಾಡಿದ್ವಾ?" ಎನ್ನುತ್ತಾರೆ.

ದಡದಲ್ಲಿ ಕೂತು ಈಜು ಕಲಿಸಲು ಆಗುವುದಿಲ್ಲ. ಹಾಗೆಂದು ನಿಜವಾದ ರೋಗಿಗಳ ಮೇಲೆ ಕೈ ಪಳಗಿಸಿಕೊಳ್ಳಲು ಬಿಟ್ಟರೆ ಅವರ ಪಾಡೇನು? ಅದಕ್ಕೇ ನಾನು ಸುತ್ತಮುತ್ತಲಿನ ಗಟ್ಟಿಮುಟ್ಟಾದ ಹಿರಿಯರನ್ನು ಕರೆತಂದು ರೋಗಿಯ ಪಾತ್ರ ಮಾಡಿಸತೊಡಗಿದೆ. ಒಬ್ಬೊಬ್ಬರಿಗೆ ಒಂದು ಪುಟದ ಕತೆ. ಅವರು ಅದನ್ನು ಕಲಿತು ಮಂಚದ ಮೇಲೆ ಕೂರಬೇಕು, ಹುಡುಗರು ಅವರ ಹತ್ತಿರ ಕೆಲಸ ಕಲಿಯಬೇಕು.

ಟೈಲರ್ ಮಾಮ ಸಿಕ್ಕಿದ್ದು ಹೀಗೆ. ಎಪ್ಪತ್ತೆಂಟು ವರ್ಷ. ಆಸ್ಪತ್ರೆಯ ಎದುರು ರಸ್ತೆಯಲ್ಲಿ ನಲವತ್ತೈದು ವರ್ಷ ಅಂಗಡಿ ಇಟ್ಟು ನಮ್ಮೆಲ್ಲರ ಯೂನಿಫಾರಂ ಹೊಲಿದವರು. ಸೂಜಿಗೆ ದಾರ ಪೋಣಿಸುವುದು ಕಷ್ಟವಾದ ದಿನ ಅಂಗಡಿ ಮುಚ್ಚಿ ಸೀದಾ ನನ್ನ ಹತ್ತಿರ ಬಂದರು. "ಸುಮ್ನೆ ಕೂತ್ರೆ ತುಕ್ಕು ಹಿಡೀತೀನಿ, ಸಿಸ್ಟರಮ್ಮ. ಏನಾದ್ರೂ ಕೆಲಸ ಕೊಡಿ. ಆದ್ರೆ ತಾತ ಅಂತ ಕರೆದ್ರೆ ಎದ್ದು ಹೋಗ್ತೀನಿ. ಮಾಮ ಅನ್ನಿ."

ನಾಟಕದ ಕಂಪನಿಯೇ ಕಳೆದುಕೊಂಡ ನಟ ಅವರು. ಕಿವುಡನ ಪಾತ್ರವಾಗಲಿ, ಪಾರ್ಶ್ವವಾಯುವಿನದಾಗಲಿ, ನೀರು ಕುಡಿದಷ್ಟು ಸುಲಭ. ಎಲ್ಲಕ್ಕಿಂತ ಅವರು ಮೆರೆಯುತ್ತಿದ್ದುದು ಮರೆವಿನ ಕಾಯಿಲೆಯವರ ಪಾತ್ರದಲ್ಲಿ. "ಮನೆಗೆ ಹೋಗ್ಬೇಕು, ಬಾಗಿಲು ತೆಗೀರಿ" ಎಂದು ಹಟ ಹಿಡಿದು, ಬೈದು, ಅತ್ತು ಹುಡುಗರ ಬೆವರಿಳಿಸುತ್ತಿದ್ದರು. ಸಮಯ ಮುಗಿದೊಡನೆ ಕಣ್ಣೊರೆಸಿಕೊಂಡು, "ಎಡಗಣ್ಣಲ್ಲೂ ನೀರು ಬಂತಾ?" ಎಂದು ನನ್ನನ್ನು ಕೇಳುತ್ತಿದ್ದರು.

ಈ ಸಲದ ಬ್ಯಾಚಿನಲ್ಲಿ ಒಬ್ಬಳು ನರ್ಸ್ ಹುಡುಗಿ ಇದ್ದಳು. ಜೊತೆಯವರು ಅವಳನ್ನು ಆಮೆ ಎನ್ನುತ್ತಿದ್ದರು. ಹೆಸರಿಗೆ ತಕ್ಕ ಹಾಗೆ ನಿಧಾನ. ಒಬ್ಬ ಅಜ್ಜಿಗೆ ಮೈ ಒರೆಸಲು ಉಳಿದವರಿಗೆ ಹದಿನೈದು ನಿಮಿಷ ಸಾಕಾದರೆ ಇವಳಿಗೆ ನಲವತ್ತು ನಿಮಿಷ. ಹಿಂದಿನ ಬ್ಯಾಚಿನಲ್ಲಿ ನಾನೇ ಅವಳನ್ನು ಫೇಲು ಮಾಡಿದ್ದೆ. ನಿಯಮದ ಪ್ರಕಾರ ಪರೀಕ್ಷೆ ಎರಡೇ ಸಲ. ಈ ಸಲವೂ ದಾಟದಿದ್ದರೆ ಹಿರಿಯರ ವಾರ್ಡಿನ ಬಾಗಿಲು ಅವಳಿಗೆ ಮುಚ್ಚಿದ ಹಾಗೆ; ಮತ್ತೆ ದಾಖಲೆ ಕೋಣೆಯಲ್ಲಿ ಫೈಲು ಜೋಡಿಸುತ್ತಾ ಕೂರಬೇಕು. ಅವಳಿಗೆ ಆ ವಾರ್ಡು ಬಿಟ್ಟು ಬೇರೇನೂ ಬೇಡವಾಗಿತ್ತು.

"ಯಾಕಮ್ಮಾ ಇಷ್ಟು ಹಟ?" ಎಂದು ಒಮ್ಮೆ ಕೇಳಿದ್ದೆ.

"ಅಲ್ಲಿ ನಿಧಾನವಾಗಿ ಮಾತಾಡೋರು ಇರ್ತಾರೆ, ಮೇಡಂ. ನನಗೆ ಅರ್ಥ ಆಗುತ್ತೆ."

ಉತ್ತರ ಇಷ್ಟವಾಯಿತು. ಆದರೆ ಪಾಸಾಗುತ್ತಾಳೆ ಎಂಬ ನಂಬಿಕೆ ನನಗಿರಲಿಲ್ಲ.

ಪರೀಕ್ಷೆ ಇದ್ದದ್ದು ಶನಿವಾರ. ಗುರುವಾರ ಕೊನೆಯ ಅಭ್ಯಾಸಕ್ಕೆ ಬಂದ ಮಾಮನಿಗೆ ನೆಗಡಿ. ಮೂಗು ಸೋರುತ್ತಿತ್ತು, ಎರಡು ಮಾತಿಗೊಂದು ಸೀನು. ಹೊರಗಿನಿಂದ ಪರೀಕ್ಷಕರಾಗಿ ಬರುವ ಪ್ರೊಫೆಸರ್ ಎದುರು ನನ್ನ ಮುಖ್ಯ ನಟ ಸೀನುತ್ತಾ ಕೂತರೆ ಹೇಗೆ? ಡ್ರಾಯರಿನಲ್ಲಿ ನೆಗಡಿ ಮಾತ್ರೆ ಇತ್ತು. ಆರು ಮಾತ್ರೆ ಕಾಗದದ ಪೊಟ್ಟಣಕ್ಕೆ ಹಾಕಿ, ಮೇಲೆ 'ದಿನಕ್ಕೆ ಮೂರು' ಎಂದು ಬರೆದು ಕೈಗಿಟ್ಟೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವಯಸ್ಸಾದವರಿಗೆ ಹೊಸ ಮಾತ್ರೆ ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಲೇಬೇಕು ಎಂದು ನಾಲ್ಕನೇ ವಾರ ಪೂರ್ತಿ ಬಾಯಿಪಾಠ ಮಾಡಿಸುವವಳು ನಾನು. ಬೇರೆ ಏನು ಮಾತ್ರೆ ತಗೊಳ್ತೀರಿ? ಮೂತ್ರ ಸರಾಗವಾಗಿ ಹೋಗುತ್ತಾ? ಈಚೆಗೆ ಬಿದ್ದಿದ್ದೀರಾ? ಗುರುವಾರ ನಾನು ಒಂದನ್ನೂ ಕೇಳಲಿಲ್ಲ. ಮಾಮ ನನ್ನ ಕಣ್ಣಿಗೆ ರೋಗಿಯಾಗಿರಲಿಲ್ಲ, ರೋಗಿಯ ಪಾತ್ರ ಮಾಡುವವರಾಗಿದ್ದರು. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಅದು.

ಶನಿವಾರ ಬೆಳಿಗ್ಗೆ ಅವರನ್ನು ಕರೆತಂದದ್ದು ಮಗಳು. ಶಾಲೆಯಲ್ಲಿ ಟೀಚರ್, ಗಡಿಬಿಡಿಯಲ್ಲಿದ್ದಳು. "ಅಪ್ಪ ರಾತ್ರಿ ನಿದ್ದೆ ಮಾಡಿಲ್ಲ, ಸಿಸ್ಟರ್. ಎದ್ದು ಎದ್ದು ಓಡಾಡ್ತಿದ್ರು. ಒಂಥರಾ ಇದ್ದಾರೆ."

"ಪರೀಕ್ಷೆ ಟೆನ್ಷನ್ ಅವರಿಗೂ ಇರುತ್ತಮ್ಮ. ನೀವು ಹೊರಡಿ, ನಾನಿದ್ದೀನಲ್ಲ," ಎಂದೆ.

ಪರೀಕ್ಷೆ ಕೋಣೆಯಲ್ಲಿ ಒಂದು ಮಂಚ, ಎರಡು ಕುರ್ಚಿ, ಮೇಜಿನ ಮೇಲೊಂದು ಗಂಟೆ. ಗೋಡೆಯಲ್ಲಿ ದೊಡ್ಡ ಗಾಜಿನ ಕಿಟಕಿ; ಅದರಾಚೆ ನಾನೂ ಪ್ರೊಫೆಸರೂ. ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ. ಮರೆವಿನ ರೋಗಿ ಮನೆಗೆ ಹೋಗಬೇಕೆಂದು ಹಟ ಹಿಡಿದಿದ್ದಾರೆ. ಗದರದೆ, ಕೈ ಹಿಡಿದೆಳೆಯದೆ ಸಮಾಧಾನ ಮಾಡಿ ಅವರಿಗೆ ಎಲ್ಲಿ ನೋವೆಂದು ಕಂಡುಹಿಡಿಯಬೇಕು. ಕತೆಯ ಪ್ರಕಾರ ನೋವು ಮಂಡಿಯಲ್ಲಿ. ಮಧ್ಯದಲ್ಲಿ ಗಂಟೆ ಒತ್ತಿದರೆ 'ನನ್ನಿಂದಾಗದು' ಎಂದರ್ಥ, ಅಲ್ಲಿಗೆ ಫೇಲು.

ಮೊದಲು ಹೋದವನು ಒಬ್ಬ ಎಳೆಯ ಡಾಕ್ಟರ್, ಮಾತಿನಲ್ಲೂ ನಡಿಗೆಯಲ್ಲೂ ಎಕ್ಸ್‌ಪ್ರೆಸ್. ಅವನನ್ನು ಕಂಡೊಡನೆ ಮಾಮ, "ಯಾರೋ ನೀನು? ನನ್ನ ಕತ್ತರಿ ಎಲ್ಲೋ?" ಎಂದು ಕೂಗಿದರು. ಕತ್ತರಿಯ ಮಾತು ಕತೆಯಲ್ಲಿರಲಿಲ್ಲ. ಹೊದಿಕೆಯನ್ನು ಬೆರಳಲ್ಲಿ ಕೀಳುತ್ತಾ ಕೂತರು. ಎಕ್ಸ್‌ಪ್ರೆಸ್ ಚಕಚಕನೆ ಮಾತಾಡಿಸಿ, ಮಂಡಿ ಮುಟ್ಟಿ, ಒಂಬತ್ತು ನಿಮಿಷಕ್ಕೆ ಹೊರಬಂದ.

"ಏನು ನಟನೆ, ಸಿಸ್ಟರ್! ಎಲ್ಲಿಂದ ಹಿಡಿದು ತಂದ್ರಿ ಇವರನ್ನ?" ಎಂದರು ಪ್ರೊಫೆಸರ್.

"ನಮ್ಮ ಎದುರು ರಸ್ತೆಯವರೇ, ಸರ್." ಹೆತ್ತ ಮಗ ಬಹುಮಾನ ತಂದಷ್ಟು ಹಿಗ್ಗು ನನಗೆ.

ನಡುವೆ ಮಾಮ ಕೂತಲ್ಲೇ ತೂಕಡಿಸಿದರು. ಎರಡನೆಯವಳು ಒಳಹೋದಾಗ ಬೆಚ್ಚಿ ಎದ್ದು ಬಾಯಿಗೆ ಬಂದಂತೆ ಬೈದರು. ಮಾಮನ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಪ್ರೊಫೆಸರ್ ಎದುರು ಸ್ವಲ್ಪ ಜಾಸ್ತಿಯೇ ಮಾಡುತ್ತಿದ್ದಾರೆ, ಮುಗಿದ ಮೇಲೆ ಒಂದು ಮಾತು ಹೇಳಬೇಕು ಅಂದುಕೊಂಡೆ.

ಮೂರನೆಯವಳು ಆಮೆ. ಒಳಗೆ ಹೋದವಳು ಮೂರು ನಿಮಿಷ ಏನೂ ಮಾತಾಡಲಿಲ್ಲ. ಕುರ್ಚಿ ಎಳೆದುಕೊಂಡು ಮಾಮನ ಕಣ್ಣಿನ ಮಟ್ಟಕ್ಕೆ ಕೂತು ನೋಡುತ್ತಲೇ ಇದ್ದಳು. "ಮುಗೀತು ಬಿಡಿ ಇವಳ ಕತೆ," ಎಂದೆ ನಾನು. ನಂತರ ನಿಧಾನವಾಗಿ ಕೇಳಿದಳು: "ಮಾಮ, ವಾರದ ದಿನಗಳನ್ನ ಹಿಂದಿನಿಂದ ಹೇಳ್ತೀರಾ? ಭಾನುವಾರ, ಶನಿವಾರ, ಹಾಗೆ." ಅವರು "ಭಾನುವಾರ" ಎಂದರು, ಕಣ್ಣು ಮುಚ್ಚಿಕೊಂಡರು, ಮತ್ತೆ "ಭಾನುವಾರ" ಎಂದರು. ಅವಳು ಅವರ ನಾಲಿಗೆ ನೋಡಿದಳು, ಅಂಗೈ ಮುಟ್ಟಿದಳು. ಏಳನೇ ನಿಮಿಷಕ್ಕೆ ಎದ್ದು ಹೋಗಿ ಗಂಟೆ ಒತ್ತಿದಳು.

ನಾನು ಬಾಗಿಲು ತೆಗೆದೆ. ಸಿಟ್ಟು ನೆತ್ತಿಗೇರಿತ್ತು.

"ಮೇಡಂ, ಇವರು ನಟಿಸ್ತಿಲ್ಲ," ಎಂದಳು.

ನನ್ನ ಹಿಂದಿನಿಂದ ಪ್ರೊಫೆಸರ್ ನಕ್ಕರು. "ಹಾಗನ್ನಿಸಬೇಕಮ್ಮಾ, ಅದೇ ಅಲ್ವಾ ನಟನೆ?"

"ಇನ್ನೂ ಐದು ನಿಮಿಷ ಇದೆ. ಗಂಟೆ ಒತ್ತಿದ್ದು ನಾನು ನೋಡಿಲ್ಲ. ಹೋಗಿ ಕೂತ್ಕೋ," ಎಂದೆ. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡೇ ಹೇಳಿದ ಮಾತು ಅದು.

"ಕೂರಲ್ಲ ಮೇಡಂ." ಅವಳು ನಿಂತಲ್ಲಿಂದ ಕದಲಲಿಲ್ಲ. "ಪಾತ್ರ ಮಾಡುವಾಗ ಮಾಮ ಆಗಾಗ ಕಿಟಕಿ ಕಡೆ ಕಣ್ಣು ಹಾಯಿಸ್ತಾರೆ, ನೀವು ನೋಡ್ತಿದ್ದೀರಾ ಅಂತ. ಇವತ್ತು ಒಂದ್ಸಲಾನೂ ನೋಡ್ಲಿಲ್ಲ. ಮಂಡಿ ಮುಟ್ಟಿದ್ರೆ ಏನೂ ಅನ್ನಲ್ಲ. ಕೈ ಪದೇ ಪದೇ ಹೊಟ್ಟೆಗೆ ಹೋಗ್ತಿದೆ." ಎನ್ನುತ್ತಲೇ ಮಾಮನ ಹತ್ತಿರ ಹೋಗಿ, "ಮಾಮ, ಅಂಗಿ ಒಂಚೂರು ಎತ್ತಲಾ?" ಎಂದು ಕೇಳಿ, ಎತ್ತಿದಳು. ಹೊಕ್ಕುಳ ಕೆಳಗೆ ಹೊಟ್ಟೆ ಚೆಂಡಿನಂತೆ ಉಬ್ಬಿ ಬಿಗಿದಿತ್ತು.

"ಇದನ್ನ ಹೇಗೆ ನಟಿಸ್ತಾರೆ, ಮೇಡಂ?"

ಮೂತ್ರ ಕಟ್ಟಿತ್ತು. ಹಿಂದಿನ ದಿನ ಮಧ್ಯಾಹ್ನದಿಂದ ಹೋಗಿಲ್ಲವೆಂದು ಆಮೇಲೆ ತಿಳಿಯಿತು. ವಯಸ್ಸಾದವರಿಗೆ ಹೀಗಾದಾಗ ನೋವಿಗಿಂತ ಮೊದಲು ಬುದ್ಧಿ ಕದಡುತ್ತದೆ, ಒಂದೆರಡು ದಿನದಲ್ಲೇ ಆಳೇ ಬೇರೆಯಾಗುತ್ತಾರೆ, ಅದನ್ನು ಮರೆವಿನ ಕಾಯಿಲೆ ಎಂದು ತಪ್ಪಾಗಿ ತಿಳಿಯಬೇಡಿ ಎಂದು ಎರಡನೇ ವಾರದಲ್ಲೇ ಪಾಠ ಮಾಡುತ್ತೇನೆ. ಮರೆವಿನ ಪಾತ್ರ ಎಂದು ತಿಳಿಯಬೇಡಿ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ವಾರ್ಡಿಗೆ ಒಯ್ದು ಟ್ಯೂಬು ಹಾಕಿದೆವು. ಒಂದು ಲೀಟರಿಗೂ ಹೆಚ್ಚು ಬಂತು. ಮಾಮ ನಿಟ್ಟುಸಿರಿಟ್ಟು ಮಗುವಿನಂತೆ ನಿದ್ದೆಹೋದರು.

ಮಗಳಿಗೆ ಫೋನು ಮಾಡಿದವಳೂ ಆಮೆಯೇ. "ಈಚೆಗೆ ಹೊಸ ಮಾತ್ರೆ ಏನಾದ್ರೂ ಶುರು ಮಾಡಿದ್ರಾ, ಅಕ್ಕ? ಇದ್ರೆ ತಗೊಂಡು ಬನ್ನಿ." ಅರ್ಧ ಗಂಟೆಯಲ್ಲಿ ಮಗಳು ಓಡಿ ಬಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. 'ದಿನಕ್ಕೆ ಮೂರು.' ನನ್ನ ಕೈಬರಹ ಆ ಆಸ್ಪತ್ರೆಯ ಬೆಕ್ಕಿಗೂ ಗೊತ್ತು. ಆಮೆ ಅದನ್ನು ಓದಿದಳು, ಸುಮ್ಮನೆ ನನ್ನ ಕಡೆ ತಳ್ಳಿದಳು, ತಲೆಯೆತ್ತಿ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಮಾಮನಿಗೆ ಮೊದಲಿನಿಂದ ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಇತ್ತಂತೆ. ಹೆಂಗಸರ ಮುಂದೆ ಹೇಳಲು ನಾಚಿಕೆಯಾಗಿ ನನಗೆ ಹೇಳಿರಲಿಲ್ಲ. ಅಂಥವರಿಗೆ ನಾನು ಕೊಟ್ಟ ನೆಗಡಿ ಮಾತ್ರೆ ಮೂತ್ರದ ದಾರಿಯನ್ನೇ ಬಿಗಿದುಬಿಡುತ್ತದೆ. ಕೇಳಿದ್ದರೆ ಹೇಳುತ್ತಿದ್ದರು. ಕೇಳಲಿಲ್ಲ.

"ಈ ಮಾತ್ರೆ ಕೊಟ್ಟಿದ್ದು ನಾನು. ಕೇಳದೇ ಕೊಟ್ಟೆ. ತಪ್ಪು ನನ್ನದು," ಎಂದೆ ಮಗಳಿಗೆ.

ಅವಳು ಕೂಗಾಡಲಿಲ್ಲ. "ನೀವು ಕೊಟ್ರಿ ಅಂತಾನೇ ಕಣ್ಮುಚ್ಚಿ ನುಂಗಿಸ್ದೆ, ಸಿಸ್ಟರ್. ಬೇರೆಯವರು ಕೊಟ್ಟಿದ್ರೆ ಡಾಕ್ಟರನ್ನ ಕೇಳ್ತಿದ್ದೆ."

ಸಂಜೆ ನಾಲ್ಕಕ್ಕೆ ಆಫೀಸಿನಲ್ಲಿ ಅಂಕಪಟ್ಟಿ ಹಿಡಿದು ಕೂತೆವು. ಪ್ರೊಫೆಸರ್ ಕೆಟ್ಟವರಲ್ಲ, ಆದರೆ ಕಾಗದದ ಮನುಷ್ಯ. "ಹುಡುಗಿ ಚುರುಕು, ಒಪ್ಕೊಂಡೆ. ಆದ್ರೆ ಗಂಟೆ ಒತ್ತಿದ್ದಾಳೆ, ಪರೀಕ್ಷೆ ಅರ್ಧಕ್ಕೇ ನಿಂತಿದೆ. ಎರಡನೇ ಸಲ ಬೇರೆ. ನಿಮ್ಮ ನಿಯಮವೇ, ಸಿಸ್ಟರ್."

"ಅದರ ಕೆಳಗೆ ಇನ್ನೊಂದು ನಿಯಮ ಇದೆ, ಸರ್. ಪಾತ್ರ ಮಾಡೋರಿಗೆ ನಿಜವಾದ ಅಪಾಯ ಇದ್ದು, ಅದನ್ನ ಗುರುತಿಸಿ ಗಂಟೆ ಒತ್ತಿದ್ರೆ ಪೂರ್ತಿ ಅಂಕ."

"ಇದೆ. ಅದಕ್ಕೆ ಘಟನೆ ವರದಿ ಬೇಕು. ಅಪಾಯ ಏನು, ಕಾರಣ ಏನು, ಔಷಧಿಯಾದ್ರೆ ಕೊಟ್ಟವರು ಯಾರು, ಎಲ್ಲಾ ತುಂಬಬೇಕು. ಒಂದು ಚೌಕ ಖಾಲಿ ಇದ್ರೂ ಮೇಲಿನವರು ವಾಪಸ್ ಕಳಿಸ್ತಾರೆ." ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರಿಗೂ ವಿಷಯ ಗೊತ್ತಾಗಿತ್ತು. "ಯೋಚನೆ ಮಾಡಿ, ಸಿಸ್ಟರ್. ಈ ಚೌಕದಲ್ಲಿ ನಿಮ್ಮ ಹೆಸರು ಬಿದ್ರೆ ತರಬೇತಿ ನಿಮ್ಮ ಕೈಯಲ್ಲಿ ಉಳಿಯುತ್ತೆ ಅಂತ ಹೇಳೋಕಾಗಲ್ಲ. ವರದಿನೇ ಬೇಡ ಅಂದ್ರೆ, ಹುಡುಗಿ ಹೋಗ್ತಾಳೆ, ಅಷ್ಟೇ."

ಆ ಚೌಕಕ್ಕೆ ಗೆರೆ ಎಳೆದವಳು ನಾನೇ. ಆರು ವರ್ಷದ ಹಿಂದೆ, ಯಾರೋ ಕಳ್ಳರು ತಪ್ಪಿಸಿಕೊಳ್ಳಬಾರದು ಎಂದು. ಸುಳ್ಳೇಕೆ, ಪೆನ್ನು ಹಿಡಿದು ಕೂತೆನೇ ಹೊರತು ಕೈ ಓಡಲಿಲ್ಲ. ಈ ತರಬೇತಿ ಬಿಟ್ಟರೆ ನನಗೆ ಇನ್ನೇನಿದೆ ಎಂದು ಅನ್ನಿಸಿತು. ಒಬ್ಬಳು ಹೋದರೆ ಇನ್ನು ಇಪ್ಪತ್ತು ಜನಕ್ಕೆ ಕಲಿಸಬಹುದಲ್ಲ ಎಂದೂ ಅನ್ನಿಸಿತು. ಆ ಎರಡನೇ ಯೋಚನೆ ಬಂದಾಗಲೇ ನನ್ನ ಮೇಲೆ ನನಗೆ ಅಸಹ್ಯವಾಯಿತು. ಇಪ್ಪತ್ತು ಜನಕ್ಕೆ ಏನು ಕಲಿಸುವುದು, ಚೌಕ ಖಾಲಿ ಬಿಡುವುದನ್ನೇ?

ಬರೆದೆ. ದಪ್ಪ ಅಕ್ಷರದಲ್ಲಿ, ಬೆಕ್ಕಿಗೂ ಗೊತ್ತಾಗುವ ಹಾಗೆ. ಕಾರಣ: ನೆಗಡಿ ಮಾತ್ರೆ. ಕೊಟ್ಟವರು: ಮುಖ್ಯ ತರಬೇತುದಾರಳಾದ ನಾನು. ಮುಂಚೆ ಕೇಳಬೇಕಾದ ಪ್ರಶ್ನೆ ಕೇಳಿದರೇ: ಇಲ್ಲ. ಮನೆಯವರು 'ಒಂಥರಾ ಇದ್ದಾರೆ' ಎಂದಾಗ ಗಮನಿಸಿದರೇ: ಇಲ್ಲ. ಅಪಾಯ ಗುರುತಿಸಿದವರು: ಪರೀಕ್ಷಾರ್ಥಿ. ಮುಖ್ಯ ತರಬೇತುದಾರಳು ವಾಪಸ್ ಕಳಿಸಿದರೂ ಹೋಗಲಿಲ್ಲ. ಸಹಿ ಹಾಕಿ ಪ್ರೊಫೆಸರ್ ಕಡೆ ತಳ್ಳಿದೆ.

ಓದಿ, "ಕೊನೇ ಸಾಲು ಫಾರಂನಲ್ಲಿ ಕೇಳಿಲ್ಲ," ಎಂದರು.

"ನಾನು ಸೇರಿಸ್ದೆ, ಸರ್."

ಮಾಮನ ತಲೆ ಮೂರನೇ ದಿನಕ್ಕೆ ತಿಳಿಯಾಯಿತು. ಶನಿವಾರದ್ದು ಒಂದೂ ನೆನಪಿಲ್ಲ. "ಪ್ರೊಫೆಸರು ಏನಂದ್ರು? ನನ್ನ ಅಳು ಚೆನ್ನಾಗಿ ಬಂತಾ?" ಎಂಬುದೇ ಮೊದಲ ಪ್ರಶ್ನೆ. ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು, ಎರಡೂ ಕಣ್ಣಲ್ಲಿ. ಮಾಮ ಕೈಯೆತ್ತಿ ನಿಲ್ಲಿಸಿದರು.

"ಅಳತೆ ತೆಗೀದೇ ಕತ್ತರಿ ಹಾಕಿದ್ರಿ. ನಾನೂ ಹಾಕಿದ್ದೀನಿ. ಆದ್ರೆ ನಲವತ್ತೈದು ವರ್ಷದಲ್ಲಿ ಒಬ್ಬ ಗಿರಾಕಿಗೂ ಒಪ್ಕೊಂಡಿಲ್ಲ, ಸಿಸ್ಟರಮ್ಮ. 'ಬಟ್ಟೆ ಕುಗ್ಗಿತು' ಅಂತಾನೇ ಹೇಳ್ತಿದ್ದೆ. ನಿಮ್ಮ ಯೂನಿಫಾರಂಗೂ ಹೇಳಿದ್ದೀನಿ."

"ಯಾವ ವರ್ಷ ಮಾಮ?"

"ಅದೆಲ್ಲ ಈಗ ನೆನಪಿಲ್ಲ, ಮರೆವಿನ ಕಾಯಿಲೆ," ಎಂದು ಗೋಡೆ ಕಡೆ ತಿರುಗಿದರು.

ಮೇಲಿನವರ ತೀರ್ಮಾನ ವಾರದ ಕೊನೆಗೆ ಬಂತು. ಹುಡುಗಿ ಪಾಸು, ಹಿರಿಯರ ವಾರ್ಡಿಗೆ ನೇಮಕ. ನಾನು ಮುಂದಿನ ಬ್ಯಾಚಿನಲ್ಲಿ ವಿದ್ಯಾರ್ಥಿಗಳ ಜೊತೆ ಕೂತು ಔಷಧಿ ಪಾಠವನ್ನು ಮತ್ತೆ ಕಲಿತು ಪರೀಕ್ಷೆ ಬರೆಯಬೇಕು, ಆಮೇಲಷ್ಟೇ ಕಲಿಸಬಹುದು. ಕೂರುತ್ತೇನೆ, ಮುಂದಿನ ಬೆಂಚಿನಲ್ಲೇ. ಪಾಸೂ ಆಗುತ್ತೇನೆ, ಅದರಲ್ಲಿ ಅನುಮಾನ ಬೇಡ.

ಮಾಮ ಮನೆಗೆ ಹೊರಟ ದಿನ ಮಗಳು ಅವರ ಬಟ್ಟೆಬರೆ ಚೀಲಕ್ಕೆ ತುಂಬುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ವಾರ್ಡಿನ ಆ ತುದಿಯಲ್ಲಿ ಆಮೆ ಒಬ್ಬ ಅಜ್ಜಿಯ ಕಾಲಿಗೆ ಚಪ್ಪಲಿ ಹಾಕಿಸುತ್ತಿದ್ದಳು. ಮಗಳು ಚೀಲದಿಂದ ಮಾತ್ರೆಯ ಸ್ಟ್ರಿಪ್ ಒಂದನ್ನು ತೆಗೆದು ಕೈಯಲ್ಲಿ ಹಿಡಿದು ನಡೆದು ಬಂದಳು. ನಾನು ಕೈ ಚಾಚಿದೆ, ಅಭ್ಯಾಸ. ಅವಳು ನನ್ನನ್ನು ದಾಟಿ ಹುಡುಗಿಯ ಹತ್ತಿರ ಹೋದಳು.

"ಸಿಸ್ಟರ್, ಇದು ಮನೇಲಿತ್ತು, ಮೈಕೈ ನೋವಿಗೆ ಅಂತ. ಅಪ್ಪನಿಗೆ ಕೊಡಬಹುದಾ?"

ನನಗೆ ನೋವಾಯಿತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಎದುರಿಗೇ ಆ ಮನೆಯ ನಂಬಿಕೆ ನನ್ನ ಕೈ ಬಿಟ್ಟು ಇನ್ನೊಂದು ಕೈ ಹಿಡಿಯಿತು. ಹಿಡಿದದ್ದು ನಾನು ಕಲಿಸಿದ ಕೈಯನ್ನೇ ಎಂಬ ಹೆಮ್ಮೆಯೂ ಅದೇ ಕ್ಷಣಕ್ಕೆ ಬಂತು. ಹುಡುಗಿ ಸ್ಟ್ರಿಪ್ಪನ್ನು ತೆಗೆದುಕೊಳ್ಳದೆ ನನ್ನ ಕಡೆ ತಿರುಗಿದಳು, ಒಪ್ಪಿಗೆ ಕೇಳುವವಳಂತೆ.

"ನನ್ನ ಮುಖ ಏನು ನೋಡ್ತೀಯಾ?" ಎಂದೆ. "ಅವರು ಕೇಳಿದ್ದು ನಿನ್ನನ್ನ."

ಅವಳು ಸ್ಟ್ರಿಪ್ ಇಸಿದುಕೊಂಡು, ಮಾಮನ ಮಂಚದ ಹತ್ತಿರ ಹೋಗಿ, ಅವರ ಎದುರು ಕೂತು, ಮೂರು ಪ್ರಶ್ನೆಗಳಲ್ಲಿ ಮೊದಲನೆಯದನ್ನು ಕೇಳಿದಳು.